ತಿರುವಿನಲ್ಲಿ ಉಳಿದ ಏಳನೇ ಕಲ್ಲು

ವಿಮಾನ ನಿಲ್ದಾಣದಲ್ಲಿ ಕೆಲಸ ಎಂದರೆ ನಮ್ಮ ಕಡೆಯವರು ಮೊದಲು ಕೇಳುವುದು, ವಿಮಾನ ಹತ್ತಿದ್ದೀಯಾ ಎಂದು. ಇಲ್ಲ ಎಂದರೆ ಮುಖ ಸಪ್ಪಗಾಗುತ್ತದೆ. ಮತ್ತೆ ಅಲ್ಲಿ ಏನು ಮಾಡುತ್ತೀಯಾ ಎನ್ನುವುದು ಎರಡನೇ ಪ್ರಶ್ನೆ. ಕಲ್ಲು ಆಯುತ್ತೇನೆ ಎಂದು ನಿಜ ಹೇಳಿದರೆ ಮೂರನೇ ಪ್ರಶ್ನೆ ಬರುವುದಿಲ್ಲ, ನಗು ಬರುತ್ತದೆ. ಮೊರದಲ್ಲಿ ಕಲ್ಲು ಆಯುವ ಹೆಂಗಸರನ್ನು ನೋಡಿದ್ದೇನೆ, ಸಂಬಳ ತಗೊಂಡು ರಸ್ತೆಯಲ್ಲಿ ಕಲ್ಲು ಆಯುವ ಗಂಡಸನ್ನು ಈಗಲೇ ನೋಡಿದ್ದು ಎಂದು ನನ್ನ ಒಡಹುಟ್ಟಿದ ಅಣ್ಣನೇ ಹತ್ತು ಜನರ ಮುಂದೆ ಹೇಳಿದ. ಅಂದಿನಿಂದ ನಿಜ ಹೇಳುವುದನ್ನು ಬಿಟ್ಟುಬಿಟ್ಟೆ. ಯಾರಾದರೂ ಕೇಳಿದರೆ ರನ್‌ವೇ ಸೇಫ್ಟಿ ಎನ್ನುತ್ತಿದ್ದೆ. ಅರ್ಥವಾಗದೆ ಅವರು ತಲೆಯಾಡಿಸುತ್ತಿದ್ದರು, ನನಗೆ ಅಷ್ಟು ಸಾಕಾಗಿತ್ತು.

ಕೆಲಸ ಮಾತ್ರ ನಗುವಂಥದ್ದಲ್ಲ. ರನ್‌ವೇ ಮೇಲೆ ಒಂದು ಬೆಣಚುಕಲ್ಲು, ಒಂದು ಮೊಳೆ, ಟೈರಿನ ಒಂದು ಚೂರು ಬಿದ್ದಿದ್ದರೂ ಎಂಜಿನ್ ಅದನ್ನು ಒಳಕ್ಕೆ ಎಳೆದುಕೊಳ್ಳಬಹುದು. ಆದ್ದರಿಂದ ದಿನಕ್ಕೆ ಹಲವು ಸಲ ಜೀಪಿನಲ್ಲಿ ಆ ತುದಿಯಿಂದ ಈ ತುದಿಗೆ ಹೋಗಿ, ಅನುಮಾನ ಬಂದಲ್ಲಿ ಇಳಿದು ನಡೆದು, ಸಿಕ್ಕಿದ್ದನ್ನು ಚೀಲಕ್ಕೆ ಹಾಕಿ, ಎಲ್ಲಿ ಸಿಕ್ಕಿತು ಎಂದು ಬರೆದು ಸಹಿ ಹಾಕಬೇಕು. ವರ್ಷಗಟ್ಟಲೆ ಇದನ್ನೇ ಮಾಡಿ ನನ್ನ ಕಣ್ಣು ನೆಲಕ್ಕೆ ಒಗ್ಗಿಹೋಗಿದೆ. ಮದುವೆ ಮನೆಯಲ್ಲೂ ತಲೆ ತಗ್ಗಿಸಿಯೇ ನಡೆಯುತ್ತೇನೆ. ಏನು ಕಳಕೊಂಡಿದ್ದೀರಿ ಎಂದು ಬೀಗರು ಕೇಳಿದ್ದಿದೆ.

ನಮ್ಮೂರು ದೊಡ್ಡಬಳ್ಳಾಪುರದಿಂದ ಸಾಸಲಿಗೆ ಹೋಗುವ ದಾರಿಯ ಕಡೆ. ಮೊದಲು ಒಂದು ಬಸ್ಸು ಬಂದರೆ ಎದುರಿಗೆ ಬಂದ ಗಾಡಿ ಹೊಲಕ್ಕಿಳಿಯಬೇಕಾದ ರಸ್ತೆಯಿತ್ತು. ಅದನ್ನು ಅಗಲ ಮಾಡಿ ಕನ್ನಡಿಯಂತೆ ಟಾರು ಹಾಕಿದರು. ಹಾಗೆ ಅಗಲ ಮಾಡುವಾಗ ರಸ್ತೆ ಪಕ್ಕದಲ್ಲಿದ್ದ ನಮ್ಮ ಮನೆತನದ ಕಣ ಹೋಯಿತು. ಅಪ್ಪನ ಕಾಲದಲ್ಲಿ ಸಗಣಿ ಸಾರಿಸಿ, ಎತ್ತು ಕಟ್ಟಿ, ರೋಣಗಲ್ಲು ಉರುಳಿಸುತ್ತಿದ್ದ ಕಣ ಅದು. ಎತ್ತುಗಳು ಅದಕ್ಕೂ ಮೊದಲೇ ಹೋಗಿದ್ದವು. ಆಮೇಲೆ ಸುಗ್ಗಿ ಬಂದಾಗ ಅಣ್ಣ ಏನೂ ಯೋಚಿಸದೆ ರಾಗಿಯನ್ನೂ ಹುರುಳಿಯನ್ನೂ ಟಾರು ರಸ್ತೆಯ ಮೇಲೆ ಹರವತೊಡಗಿದ. ಬಸ್ಸು, ಟೆಂಪೊ, ಬೈಕು ಎಲ್ಲವೂ ಅದರ ಮೇಲೆ ಹಾಯ್ದು ಒಕ್ಕಿಕೊಡುತ್ತಿದ್ದವು. ಅವನೊಬ್ಬನೇ ಅಲ್ಲ, ದೊಡ್ಡಬೆಳವಂಗಲದ ಕಡೆಗೆ ಹೋದರೂ ಇದೇ ನೋಟ. ಕೇಳಿದರೆ ಅಣ್ಣನ ಹತ್ತಿರ ಉತ್ತರ ಸಿದ್ಧವಿತ್ತು.

"ನಮ್ ಕಣ ಅವರ ರಸ್ತೆ ಕೆಳಗೈತೆ ಕಣೋ. ನಾನು ನಮ್ ಕಣದಾಗೇ ಒಕ್ತಿದೀನಿ, ಅವರ ಬಸ್ಸು ಮೇಲೆ ಹೋಯ್ತದೆ ಅಷ್ಟೆ."

ಹೋದ ಸುಗ್ಗಿಗೆ ಮುಂಚೆ ಪಂಚಾಯಿತಿಗೆ ಸುತ್ತೋಲೆ ಬಂತು. ರಸ್ತೆಯ ಮೇಲೆ ಒಕ್ಕಣೆ ಮಾಡಬಾರದು, ಬೈಕುಗಳು ಜಾರುತ್ತಿವೆ, ಹುರುಳಿ ಬಳ್ಳಿ ಕಾರಿನಡಿ ಸುತ್ತಿಕೊಂಡು ಬೆಂಕಿ ಹತ್ತುತ್ತಿದೆ, ಮಾಡಿದವರ ಮೇಲೆ ಕ್ರಮ ಜರುಗಿಸಲಾಗುವುದು ಎಂದು. ಗ್ರಾಮಸಭೆಯಲ್ಲಿ ಅದನ್ನು ಓದಿದ ಮೇಲೆ, ನಮ್ಮೂರಲ್ಲೇ ಒಬ್ಬ ಸೇಫ್ಟಿಯವರು ಇದ್ದಾರೆ, ಎರಡು ಮಾತಾಡಲಿ ಎಂದು ನನ್ನನ್ನು ಎಬ್ಬಿಸಿದರು. ನಾನು ಎರಡಲ್ಲ, ಇನ್ನೂರು ಮಾತಾಡಿದೆ. ಸರ್ಕಾರ ಊರೂರಿಗೆ ವಿಮಾನ ನಿಲ್ದಾಣ ಮಾಡುತ್ತಿದೆ, ಸಣ್ಣ ಊರಿನ ರನ್‌ವೇ ಆದರೂ ನಿಯಮ ಒಂದೇ, ಒಂದು ಹರಳು ಬಿಡುವ ಹಾಗಿಲ್ಲ, ನಾವು ಮಾತ್ರ ಜನ ಓಡಾಡುವ ದಾರಿಗೆ ಕೈಯಾರೆ ಕಲ್ಲು ತಂದಿಡುತ್ತೇವೆ ಎಂದು ಬೈದೆ. ಮಾತು ಮುಗಿದಾಗ ಚಪ್ಪಾಳೆ ಬಿತ್ತು. ಅಣ್ಣ ಮಾತ್ರ ಕೈ ಕಟ್ಟಿಕೊಂಡು ಕೂತಿದ್ದ. ಸಿಮೆಂಟಿನ ಕಣ ಮಾಡಿಸಿಕೊಡುತ್ತೇವೆ ಎಂದು ಪಂಚಾಯಿತಿಯವರು ಹೇಳಿದರು. ಹುರುಳಿ ಒಣಗುವುದರೊಳಗೆ ಅದು ಆಗಲಿಲ್ಲ.

ಹೇಳೋದು ಪುರಾಣ, ತಿನ್ನೋದು ಬದನೆಕಾಯಿ. ಸಂಕ್ರಾಂತಿ ಕಳೆದ ಮೇಲೆ ಅಣ್ಣ ಹುರುಳಿಯನ್ನು ರಸ್ತೆಗೇ ತಂದ. ನಾನು ಬೇಡ ಎನ್ನಲಿಲ್ಲ. ಆ ಹುರುಳಿಯಲ್ಲಿ ನನ್ನ ಪಾಲೂ ಇತ್ತು, ಅದಕ್ಕಿಂತ ಹೆಚ್ಚಾಗಿ, ನಾನು ನಿಂತು ಮಾಡಿಸಿದರೆ ಅಪಾಯವಾಗುವುದಿಲ್ಲ ಎಂಬ ಜಂಬ ಇತ್ತು. ಹರವಿದ ಕಡೆ ಗಾಡಿಗಳು ನಿಧಾನವಾಗಲಿ ಎಂದು ಎಲ್ಲರೂ ಕಲ್ಲಿಡುತ್ತಾರೆ. ನಾನು ಗೋಡೆ ಕಟ್ಟುವ ಏಳು ಸೈಜುಗಲ್ಲು ಆರಿಸಿ, ವಿಮಾನ ನಿಲ್ದಾಣದ ಗುರುತಿನ ಕಂಬಗಳ ಹಾಗೆ ಹಳದಿ ಕಪ್ಪು ಪಟ್ಟೆ ಬಳಿದೆ. ಡಬ್ಬದಲ್ಲಿ ಬಣ್ಣ ಕಡಿಮೆಯಿತ್ತು. ಆರು ಕಲ್ಲಿಗೆ ಸುತ್ತಲೂ ಬಂತು, ಏಳನೆಯದಕ್ಕೆ ಒಂದೇ ಮುಖಕ್ಕೆ ಬಂತು. ಮಗಳು ನೋಡಿ, ಅಪ್ಪಾ ಇದರ ಬೆನ್ನು ಹಾಗೇ ಇದೆಯಲ್ಲ ಎಂದಳು. ಬರುವವರಿಗೆ ಮುಖ ಕಂಡರೆ ಸಾಕು, ಬೆನ್ನು ಯಾಕೆ ಎಂದೆ.

ಆ ದಿನ ನನಗೆ ಮಧ್ಯಾಹ್ನದ ಪಾಳಿ. ಬೆಳಗ್ಗೆ ಬೇಗ ಹರವಿದೆವು. ಆರು ಕಲ್ಲನ್ನು ಹುರುಳಿಯ ಸುತ್ತ ಇಟ್ಟೆ. ಏಳನೆಯದನ್ನು ಊರ ಕಡೆಯ ತಿರುವಿನಲ್ಲಿ, ಹೊಂಗೆಮರದ ಹತ್ತಿರ, ರಸ್ತೆಯ ನಡುವೆ ಇಟ್ಟೆ. ಎಚ್ಚರಿಕೆ ಎನ್ನುವುದು ಅಪಾಯಕ್ಕಿಂತ ಬಹಳ ಮೊದಲೇ ಕಾಣಬೇಕು, ಅದು ನಮ್ಮ ಇಲಾಖೆಯ ಪಾಠ. ಊರಿನಿಂದ ಬರುವವರಿಗೆ ಕಾಣಲಿ ಎಂದು ಬಣ್ಣದ ಮುಖವನ್ನು ಊರಿಗೆ ತಿರುಗಿಸಿದೆ. ಹನ್ನೊಂದರ ಹೊತ್ತಿಗೆ ಒಕ್ಕಣೆ ಮುಗಿಯಿತು. ಕಾಳನ್ನೂ ಹೊಟ್ಟನ್ನೂ ಟ್ರಾಕ್ಟರಿಗೆ ತುಂಬಿ ಅಣ್ಣ ಹೊಲದ ದಾರಿಯಲ್ಲಿ ಹೋದ. ರಸ್ತೆಯನ್ನು ನಾನೇ ಗುಡಿಸಿದೆ, ಕಲ್ಲುಗಳನ್ನು ನಾನೇ ಎತ್ತಿ ಬೇಲಿಯ ಬುಡಕ್ಕೆ ಹಾಕಿದೆ. ಅತ್ತಿಗೆ ಬುತ್ತಿ ತಂದಿದ್ದರು, ಹಿತಕವರೆ ಸಾರು, ಮುದ್ದೆ. ಹೊಲದ ಮೋಟಾರು ಮನೆಯ ಹತ್ತಿರವೇ ಸ್ನಾನ ಮಾಡಿ, ಉಂಡು, ಯೂನಿಫಾರ್ಮ್ ಹಾಕಿಕೊಂಡು, ಊರ ಕಡೆ ತಿರುಗಿಯೂ ನೋಡದೆ ಬೈಕು ಹತ್ತಿ ದೊಡ್ಡಬಳ್ಳಾಪುರದ ದಾರಿ ಹಿಡಿದೆ. ಸಾರು ಚೆನ್ನಾಗಿತ್ತು, ಆ ಸಂತೋಷದಲ್ಲೇ ಇದ್ದೆ.

ಆಗ ನನ್ನ ಜೊತೆ ಜೀಪಿನಲ್ಲಿ ಒಬ್ಬರು ಕಲಿಯಲು ಬಂದಿದ್ದರು. ಸೈನ್ಯದಿಂದ ನಿವೃತ್ತರಾದವರು, ನನ್ನದೇ ವಯಸ್ಸು, ಉತ್ತರದ ಕಡೆಯ ಜಿಲ್ಲೆಯವರು. ಅವರ ಊರ ಹತ್ತಿರ ಹೊಸದಾಗಿ ಆಗುತ್ತಿದ್ದ ಸಣ್ಣ ವಿಮಾನ ನಿಲ್ದಾಣದಲ್ಲಿ ಈ ಕೆಲಸಕ್ಕೆ ಸೇರುವವರಿದ್ದರು. ಅವರಿಗೆ ಅಂದು ನಾನು ಕಲಿಸುತ್ತಿದ್ದದ್ದು ಎಣಿಕೆಯ ಪಾಠ. ರನ್‌ವೇಗೆ ಹೋಗುವಾಗ ಜೀಪಿನಲ್ಲಿ ಎಷ್ಟು ಸಾಮಾನಿತ್ತೋ ಬರುವಾಗ ಅಷ್ಟೇ ಇರಬೇಕು. ಪೊರಕೆ, ಟಾರ್ಚು, ಸ್ಪ್ಯಾನರು, ಒಂದೊಂದನ್ನೂ ಮುಟ್ಟಿ ಎಣಿಸಬೇಕು. ಎತ್ತಿಟ್ಟಿದ್ದೇನೆ ಎಂಬ ನೆನಪನ್ನು ನಂಬಬಾರದು, ಬೆರಳನ್ನು ನಂಬಬೇಕು ಎಂದು ಹೇಳಿಕೊಟ್ಟೆ.

ಸಂಜೆ ಐದರ ಸುಮಾರಿಗೆ ಒಂದು ಸುತ್ತು ಮುಗಿಸಿ ಹೊರಗೆ ಬಂದಾಗ ಅವರು ಎಣಿಸಿದರು. ಮತ್ತೊಮ್ಮೆ ಎಣಿಸಿದರು.

"ಒಂದು ಕಮ್ಮಿ ಐತಲ್ರೀ," ಎಂದರು.

ಟಾರ್ಚು ಸೀಟಿನಡಿಗೆ ಉರುಳಿತ್ತು, ಸಿಕ್ಕಿತು. ಆದರೆ ಆ ಮಾತು ಕಿವಿಯಲ್ಲೇ ಉಳಿಯಿತು. ಬೇಲಿಯ ಬುಡಕ್ಕೆ ಹಾಕಿದ ಕಲ್ಲುಗಳನ್ನು ಮನಸ್ಸಿನಲ್ಲೇ ಎಣಿಸಿದೆ. ಆರು. ಇನ್ನೊಮ್ಮೆ ಎಣಿಸಿದೆ, ಆರೇ. ಹೊಂಗೆಮರದ ತಿರುವಿಗೆ ನಾನು ಹೋಗಿಯೇ ಇರಲಿಲ್ಲ.

ಮಗಳು ದೊಡ್ಡಬಳ್ಳಾಪುರದಲ್ಲಿ ಬಿಕಾಂ ಓದುತ್ತಾಳೆ. ಕಾಲೇಜು ಮುಗಿದ ಮೇಲೆ ಟ್ಯಾಲಿ ಕ್ಲಾಸು. ಸ್ಕೂಟರಿನಲ್ಲಿ ಅವಳು ಆ ತಿರುವಿಗೆ ಬರುವುದು ಆರೂಕಾಲರ ಸುಮಾರಿಗೆ. ಅಲ್ಲಿ ರಸ್ತೆ ಪಡುವಣಕ್ಕೆ ತಿರುಗುತ್ತದೆ, ಇಳಿಬಿಸಿಲು ನೇರ ಕಣ್ಣಿಗೆ ಹೊಡೆಯುತ್ತದೆ, ಸೂರ್ಯ ಜಾರಿದ ಕೂಡಲೇ ಮರದ ಕೆಳಗೆ ಮಬ್ಬು. ಮತ್ತು ಅವಳು ಬರುವ ಕಡೆಗೆ ಇರುವುದು ಆ ಕಲ್ಲಿನ ಬೆನ್ನು. ಬಣ್ಣವಿಲ್ಲದ, ಟಾರಿನದೇ ಬಣ್ಣದ ಬೆನ್ನು.

ರನ್‌ವೇಗೆ ಹೋಗುವವರು ಫೋನನ್ನು ಲಾಕರಿನಲ್ಲಿ ಇಟ್ಟು ಹೋಗಬೇಕಿತ್ತು. ಲಾಕರು ನಾನು ನಿಂತಲ್ಲಿಂದ ಐದು ನಿಮಿಷದ ದಾರಿ. ನಾನು ಆ ಕಡೆ ಹೆಜ್ಜೆ ಹಾಕುವುದರೊಳಗೆ ಮೇಲಧಿಕಾರಿಯಿಂದ ವಾಕಿಟಾಕಿಯಲ್ಲಿ ಕರೆ ಬಂತು. ಇಳಿದ ವಿಮಾನವೊಂದರ ಪೈಲಟ್ ರನ್‌ವೇಯ ದೂರದ ತುದಿಯಲ್ಲಿ ಏನೋ ಬಿದ್ದಿದ್ದನ್ನು ಕಂಡಿದ್ದಾನೆ, ಕೂಡಲೇ ಹೋಗಿ ನೋಡಿ ಎಂದು.

ಒಂದು ಫೋನು ಮಾಡಿ ಹೋಗುತ್ತೇನೆ ಸಾರ್ ಎನ್ನಬಹುದಿತ್ತು. ಅವರು ಒಳ್ಳೆಯವರು, ಬೇರೆ ಜೀಪು ಕಳಿಸುತ್ತಿದ್ದರು. ಆದರೆ ಯಾಕೆ ಎಂದು ಕೇಳುತ್ತಿದ್ದರು. ರಸ್ತೆಯಲ್ಲಿ ಕಲ್ಲು ಬಿಟ್ಟು ಬಂದಿದ್ದೇನೆ ಎಂದು ನಾನು, ಅದೂ ನಾನು, ಕಲಿಯಲು ಬಂದವರ ಮುಂದೆ ಹೇಳಬೇಕಿತ್ತು. ಇನ್ನೂ ಬೆಳಕಿದೆ, ಬೇಗ ಮುಗಿಸಿ ಬಂದು ಮಾಡಿದರಾಯಿತು ಎಂದು ನನಗೆ ನಾನೇ ಹೇಳಿಕೊಂಡೆ. ಇವತ್ತಿಗೂ ಆ ಕಲ್ಲು ಮರೆತದ್ದಕ್ಕಿಂತ ಈ ಬಾಯಿ ಮುಚ್ಚಿಕೊಂಡದ್ದಕ್ಕೇ ನನ್ನ ಮೇಲೆ ನನಗೆ ಸಿಟ್ಟು ಹೆಚ್ಚು.

ತುದಿಯಲ್ಲಿ ಇಳಿದು ಇಬ್ಬರೂ ಸಾಲು ಹಿಡಿದು ನಡೆದೆವು. ನನ್ನ ನೆರಳು ಉದ್ದಕ್ಕೆ ಮುಂದೆ ಬಿದ್ದಿತ್ತು, ಹೆಜ್ಜೆ ಹೆಜ್ಜೆಗೂ ಇನ್ನಷ್ಟು ಉದ್ದವಾಗುತ್ತಿತ್ತು. ಕೊನೆಗೆ ಸಿಕ್ಕಿದ್ದು ಕಡಲೆಬೀಜದಷ್ಟು ಒಂದು ಕಲ್ಲು. ಅಷ್ಟಕ್ಕೇ ಒಂದು ವಿಮಾನ ಆಕಾಶದಲ್ಲಿ ಸುತ್ತು ಹೊಡೆಯುತ್ತಾ ಕಾಯುತ್ತಿತ್ತು. ಅದನ್ನು ಚೀಲಕ್ಕೆ ಹಾಕಿ, ಸಿಕ್ಕ ಜಾಗ ಬರೆದು ಸಹಿ ಹಾಕಿದೆ. ವಾಪಸ್ ಬರುವಾಗ ಟವರಿನವರು ರನ್‌ವೇ ಪಕ್ಕದ ಅಡ್ಡದಾರಿಯಲ್ಲೇ ನಿಲ್ಲಿಸಿದರು. ಕಾಯುತ್ತಿದ್ದ ವಿಮಾನ ಇಳಿಯಬೇಕು, ಇನ್ನೊಂದು ಏರಬೇಕು, ಆಮೇಲೆ ನಾವು. ಸ್ಟಿಯರಿಂಗ್ ಹಿಡಿದು ಕೂತೆ. ಪಡುವಣದಲ್ಲಿ ಸೂರ್ಯ ಕೆಂಪಗಾಗಿ ಇಳಿಯುತ್ತಿದ್ದ. ಗಡಿಯಾರ ನೋಡಿದೆ, ಮತ್ತೆ ನೋಡಿದೆ. ನನ್ನ ಮುಖದಲ್ಲಿ ಏನು ಕಂಡಿತೋ, ಪಕ್ಕದಲ್ಲಿದ್ದವರು ಮೈಯಾಗ ಹುಷಾರಿಲ್ಲೇನ್ರಿ ಎಂದು ಕೇಳಿದರು. ಆಗ ಎಲ್ಲ ಹೇಳಿಬಿಟ್ಟೆ. ಅವರು ನಗಲಿಲ್ಲ. ನಮ್ಮ ಕಡೆಯೂ ತೊಗರಿಯನ್ನು ರಸ್ತೆಗೇ ಹಾಕುತ್ತಾರೆ ಎಂದು ಮೆಲ್ಲಗೆ ಹೇಳಿದರು. ಆಮೇಲೆ ನೇರ ನನ್ನ ಕಡೆ ತಿರುಗಿದರು.

"ಇಷ್ಟೊತ್ತು ಯಾಕ ಸುಮ್ನಿದ್ರಿ? ಮದ್ಲ ಫೋನ್ ಹಚ್ಚೋದು, ನಾಚಿಕಿ ಆಮ್ಯಾಲ."

ಲಾಕರು ತೆಗೆದಾಗ ಆರು ಗಂಟೆ ಐದು ನಿಮಿಷ. ಅಣ್ಣನಿಗೆ ಮಾಡಿದೆ, ಎತ್ತಲಿಲ್ಲ. ಹೆಂಡತಿ ತನ್ನ ತಂಗಿಯ ಸೀಮಂತಕ್ಕೆಂದು ಆವತಿಗೆ ಹೋಗಿದ್ದಳು. ಅತ್ತಿಗೆ ಫೋನು ಇಟ್ಟುಕೊಳ್ಳುವವರಲ್ಲ. ಮಗಳಿಗೆ ಮಾಡಿದೆ. ಎರಡು ಸಲ ರಿಂಗಾಗುತ್ತಿದ್ದಂತೆ ಇನ್ನೊಂದು ಭಯ ಹುಟ್ಟಿತು. ಅವಳು ಗಾಡಿ ಓಡಿಸುತ್ತಿರುತ್ತಾಳೆ, ಅಪ್ಪನ ಫೋನೆಂದು ಒಂದು ಕೈ ಬಿಟ್ಟು ತೆಗೆಯಲು ಹೋಗುತ್ತಾಳೆ, ಸರಿಯಾಗಿ ಆ ತಿರುವಿನಲ್ಲೇ. ಬೆಂಕಿ ಮುಟ್ಟಿದವನ ಹಾಗೆ ಕಟ್ ಮಾಡಿದೆ. ಮಗಳನ್ನು ಎಚ್ಚರಿಸಲೂ ಆಗದ, ಸುಮ್ಮನಿರಲೂ ಆಗದ ಆ ಕೆಲವು ನಿಮಿಷ ನಾನು ಪಟ್ಟ ಪಾಡು ಯಾವ ಶತ್ರುವಿಗೂ ಬೇಡ.

ಅಣ್ಣ ನಾಲ್ಕನೇ ಸಲ ಎತ್ತಿದ. ಡೈರಿಗೆ ಹಾಲು ಹಾಕಿ ಆಗ ತಾನೇ ಬಂದಿದ್ದ. ನಾನು ಹೇಳಿದ್ದು ಪೂರ್ತಿ ಕೇಳುವ ಮೊದಲೇ ಅವನ ಉಸಿರು ಬದಲಾಯಿತು. ಹೋಗ್ತೀನಿ ಎಂದ. ಓಡುತ್ತಿರುವ ಚಪ್ಪಲಿಯ ಸದ್ದು ಕೇಳಿಸಿತು, ಫೋನು ಕಟ್ಟಾಯಿತು.

ಹತ್ತು ನಿಮಿಷವೋ ಹನ್ನೆರಡೋ, ಗೊತ್ತಿಲ್ಲ. ಲಾಕರಿನ ಸಾಲಿನ ಮುಂದೆ ನಿಂತಿದ್ದೆ. ಕಲಿಯಲು ಬಂದವರು ಒಂದು ಲೋಟ ನೀರು ತಂದು ಕೈಗೆ ಕೊಟ್ಟರು, ಅದನ್ನು ಕುಡಿಯಲಿಲ್ಲ. ಫೋನು ಬಂತು.

"ಲೇ, ಯಾರೋ ಬಿದ್ದವ್ರೆ ಕಣೋ. ಸ್ಕೂಟರು. ಹೆಣ್ಮಗು." ಅಣ್ಣ ಏದುಸಿರು ಬಿಡುತ್ತಿದ್ದ. ಅವನಿನ್ನೂ ಹತ್ತಿರ ಹೋಗಿರಲಿಲ್ಲ, ದೂರದಿಂದ ಕಂಡಿದ್ದನ್ನು ಹೇಳುತ್ತಿದ್ದ. ಯಾರು ಎಂದೆ. ಅವನು ಓಡುತ್ತಲೇ ಇದ್ದ. ಆಮೇಲೆ ಗಜಿಬಿಜಿ, ಯಾರೋ ನರಳುವುದು, ಗಾಡಿ ಎತ್ತುವ ಸದ್ದು. ಆಮೇಲೆ ಫೋನು ಕೈ ಬದಲಾಯಿತು.

"ಅಪ್ಪಾ, ನಾನಲ್ಲ."

ಮಗಳ ದನಿ. ನನಗೆ ಆಗ ಆದದ್ದನ್ನು ಇಲ್ಲಿ ಇದ್ದ ಹಾಗೇ ಬರೆಯಬೇಕು. ನನಗೆ ಸಂತೋಷವಾಯಿತು. ಇನ್ನೊಬ್ಬ ತಾಯಿಯ ಮಗಳು ನಾನಿಟ್ಟ ಕಲ್ಲಿಗೆ ಬಡಿದು ರಸ್ತೆಯಲ್ಲಿ ಬಿದ್ದು ನರಳುತ್ತಿದ್ದಾಳೆ, ಆ ನರಳಾಟ ನನ್ನ ಕಿವಿಗೇ ಕೇಳಿಸುತ್ತಿದೆ, ಆದರೂ ನಾನು ದೇವರೇ ಎಂದು ಗೋಡೆಗೆ ಒರಗಿ ಸಂತೋಷಪಟ್ಟೆ. ಆ ಕಡೆ ನನ್ನ ನಿಟ್ಟುಸಿರು ಮಗಳಿಗೆ ಕೇಳಿಸಿರಬೇಕು.

"ಕಲ್ಲು ನಮ್ದೇ," ಎಂದಳು. "ಆಂಬುಲೆನ್ಸ್‌ಗೆ ಮಾಡಿದೀನಿ. ಇಡು."

ಬಿದ್ದವಳು ಸಾಸಲಿನ ಕಡೆಯ ಒಂದು ಹಳ್ಳಿಯ ಹೆಣ್ಣುಮಗಳು, ಮೂವತ್ತರ ಆಸುಪಾಸು. ದೊಡ್ಡಬಳ್ಳಾಪುರದ ಗಾರ್ಮೆಂಟ್ಸಿನಲ್ಲಿ ಹೊಲಿಗೆ ಕೆಲಸ. ಮಗಳು ಅವಳಿಗಿಂತ ಸ್ವಲ್ಪವೇ ಹಿಂದೆ ಬರುತ್ತಿದ್ದಳು. ಬಿದ್ದದ್ದನ್ನು ಕಂಡು ಗಾಡಿ ನಿಲ್ಲಿಸಿ, ಅವಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಆಂಬುಲೆನ್ಸ್ ಬರುವವರೆಗೆ ರಸ್ತೆಯಲ್ಲೇ ಕೂತಿದ್ದಳಂತೆ. ಹೆಲ್ಮೆಟ್ ಇದ್ದದ್ದರಿಂದ ತಲೆ ಉಳಿಯಿತು. ಬಲಗೈ ಎರಡು ಕಡೆ ಮುರಿದಿತ್ತು, ಮೊಣಕಾಲ ಚಿಪ್ಪು ಒಡೆದಿತ್ತು.

ರಾತ್ರಿ ಮನೆಯಲ್ಲಿ ಒಂದು ಸಂಗತಿ ತಿಳಿಯಿತು, ಅದು ನನ್ನನ್ನು ಇನ್ನೂ ಚುಚ್ಚುತ್ತದೆ. ಬೆಳಗಿನಿಂದ ಸಂಜೆಯವರೆಗೆ ಊರವರೆಲ್ಲ ಆ ಕಲ್ಲನ್ನು ಕಂಡಿದ್ದರು, ಎಲ್ಲರೂ ಸುತ್ತಿ ಹೋಗಿದ್ದರು. ಬರಿಯ ಕಲ್ಲಾಗಿದ್ದರೆ ಯಾರಾದರೂ ಕಾಲಲ್ಲಿ ತಳ್ಳುತ್ತಿದ್ದರು. ಪಟ್ಟೆ ಬಳಿದಿದ್ದರಿಂದ ಸರ್ಕಾರದ್ದು, ರಸ್ತೆಯವರು ಏನಕ್ಕೋ ಇಟ್ಟಿದ್ದಾರೆ, ಮುಟ್ಟಬಾರದು ಎಂದುಕೊಂಡರು. ಅತ್ತಿಗೆಯಂತೂ ಅದು ನನ್ನದೆಂದು ಗೊತ್ತಿದ್ದೂ ಬುತ್ತಿಯ ಕುಕ್ಕೆ ಹೊತ್ತು ಅದರ ಪಕ್ಕದಲ್ಲೇ ನಡೆದು ಮನೆಗೆ ಹೋಗಿದ್ದರು. ಮೈದುನ ಓದಿದವನು, ಏನೋ ಲೆಕ್ಕ ಹಾಕಿ ಬಿಟ್ಟಿರಬೇಕು ಅಂದುಕೊಂಡೆ ಎಂದು ಅಳುತ್ತಾ ಹೇಳಿದರು.

ಬೆಳಗ್ಗೆ ಆಸ್ಪತ್ರೆಗೆ ಹೊರಟೆ. ಮಗಳು ತಾನೂ ಬರುತ್ತೇನೆ ಎಂದಳು. ಅಣ್ಣ ಬಾಗಿಲ ಬಳಿ ನನ್ನ ತೋಳು ಹಿಡಿದು, ಹಣ್ಣು ಕೊಟ್ಟು ನೋಡಿಕೊಂಡು ಬಾ, ಹೆಚ್ಚಿಗೆ ಏನೂ ಬಾಯಿ ಬಿಡಬೇಡ, ಸುತ್ತೋಲೆ ಇದೆ, ನಿನ್ನ ಕೆಲಸ ಇದೆ ಎಂದು ಪಿಸುಗುಟ್ಟಿದ. ಮಗಳಿಗೆ ಅದು ಕೇಳಿಸಿತು. ಹೊಂಗೆಮರದ ತಿರುವು ಬಂದಾಗ ನಾನು ನೆಲ ನೋಡಿದೆ. ಕಲ್ಲನ್ನು ಯಾರೋ ಪಕ್ಕಕ್ಕೆ ಉರುಳಿಸಿದ್ದರು.

ವಾರ್ಡಿನಲ್ಲಿ ಆ ಹೆಣ್ಣುಮಗಳು ಮಲಗಿದ್ದಳು, ಕೈಗೆ ಪ್ಲಾಸ್ಟರಿನ ಕಟ್ಟು, ಕಾಲು ದಿಂಬಿನ ಮೇಲೆ. ಗಂಡ ಪಕ್ಕದ ಸ್ಟೂಲಿನಲ್ಲಿ ಕೂತಿದ್ದ. ಮಗಳನ್ನು ಕಂಡ ಕೂಡಲೇ ಅವಳ ಮುಖ ಅರಳಿತು, ಇವಳೇ ಕಣ್ರೀ ನನ್ನ ತಲೆ ಹಿಡಿದುಕೊಂಡಿದ್ದವಳು ಎಂದು ಗಂಡನಿಗೆ ತೋರಿಸಿದಳು. ಗಂಡ ಎದ್ದು ನನಗೆ ಕೈ ಮುಗಿದ. ಆ ಕೈ ಮುಗಿದದ್ದನ್ನು ನಾನು ಹೇಗೆ ತಡೆದುಕೊಂಡೆನೋ ತಿಳಿಯದು. ಆಮೇಲೆ ಅವನು ಮತ್ತೆ ಕೂತು ರಸ್ತೆ ಇಲಾಖೆಯವರನ್ನು ಬೈಯತೊಡಗಿದ. ಪಟ್ಟೆ ಬಳಿದ ಕಲ್ಲನ್ನು ತಂದು ನಡುರಸ್ತೆಗೆ ಇಡುತ್ತಾರೆ ಎಂದರೆ ಅವರಿಗೆ ಕಣ್ಣಿಲ್ಲವೇ, ಅವರ ಮಕ್ಕಳು ಅಲ್ಲಿ ಓಡಾಡಿದ್ದರೆ ಇಡುತ್ತಿದ್ದರೇ, ಕಂಪ್ಲೇಂಟು ಕೊಡುತ್ತೇನೆ ಎಂದ. ನಾನು ಹಣ್ಣಿನ ಚೀಲವನ್ನು ಎಲ್ಲಿಡುವುದೆಂದು ಹುಡುಕುತ್ತಿದ್ದೆ. ದಾರಿ ಎಷ್ಟು ಸಲೀಸಾಗಿ ತೆರೆದಿತ್ತು ಎಂದರೆ, ಸುಮ್ಮನಿದ್ದರೆ ಸಾಕಿತ್ತು. ಮಗಳು ಮಂಚದ ಆ ಕಡೆ ನಿಂತು ನನ್ನನ್ನೇ ನೋಡುತ್ತಿದ್ದಳು.

ಗಂಡನ ಕೂಗಾಟ ಮಲಗಿದ್ದವಳಿಗೆ ಸಾಕಾಗಿರಬೇಕು. ಮಾತು ಬದಲಿಸಲು ನನ್ನ ಕಡೆ ತಿರುಗಿ, ನಿನ್ನೆ ನಿಮ್ಮ ಮಗಳು ಹೇಳಿದಳು, ಏರ್‌ಪೋರ್ಟಿನಲ್ಲಿ ಇದ್ದೀರಂತೆ ಎಂದಳು.

"ಏನ್ ಕೆಲ್ಸ ಅಣ್ಣಾ ಅಲ್ಲಿ?"

ನಾಲಿಗೆಯ ತುದಿಗೆ ಬಂದದ್ದು ಹಳೆಯ ಉತ್ತರವೇ. ಅದನ್ನು ನುಂಗಿಕೊಂಡೆ.

"ಕಲ್ಲು ಆಯೋದಮ್ಮಾ," ಎಂದೆ. "ವಿಮಾನ ಓಡೋ ದಾರಿಲಿ ಕಲ್ಲು ಆಯ್ತೀನಿ. ನೀವು ಬಿದ್ದ ಕಲ್ಲು ಗೌರ್ಮೆಂಟ್‌ದಲ್ಲ, ನಂದು. ಹುರುಳಿ ಒಕ್ಕೋಕೆ ಇಟ್ಟಿದ್ದೆ, ತೆಗೆಯೋದು ಮರ್ತೆ."

ಗಂಡ ಸ್ಟೂಲಿನಿಂದ ಅರ್ಧ ಎದ್ದವನು ಹಾಗೇ ನಿಂತ. ಅವಳು ನನ್ನ ಮುಖ ನೋಡಿದಳು, ಆಮೇಲೆ ಕಟ್ಟು ಹಾಕಿದ ಕೈ ನೋಡಿಕೊಂಡಳು. ಹೊಲಿಗೆಯ ಕೈ ಅದು. ಸಿಟ್ಟಿಲ್ಲದೆ, ನಿಜವಾಗಿಯೂ ತಿಳಿಯಬೇಕು ಎನ್ನುವ ಹಾಗೆ ಕೇಳಿದಳು.

"ಅಲ್ಲಿ ಒಂದು ಕಲ್ಲೂ ಬಿಡಲ್ವಾ ನೀವು?"

"ಒಂದೂ ಬಿಡಲ್ಲಮ್ಮಾ," ಎಂದೆ.

ಅವಳು ಮುಖವನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡಳು.